ಮನೆಗೆ ಪರ್ಮಿಟ್ ಉಂಟು, ನೀರಿಗೆ ದಾರಿ ಇಲ್ಲ

ಹೋದ ವರ್ಷ ಆಟಿ ತಿಂಗಳ ಒಂದು ರಾತ್ರಿ. ಮಳೆ ಬಿಡದೆ ಹೊಯ್ತಾ ಇತ್ತು. ಎರಡು ಗಂಟೆಯ ಹೊತ್ತಿಗೆ ತೋಟದ ಕಡೆಯಿಂದ ಹೊಳೆ ಹರಿಯುವ ಹಾಗೆ ಶಬ್ದ ಕೇಳಿತು. ನಮ್ಮ ತೋಟದಲ್ಲಿ ಹೊಳೆ ಇಲ್ಲ. ಟಾರ್ಚು ಹಿಡಿದುಕೊಂಡು ಹೋಗಿ ನೋಡುವಾಗ ಮೇಲಿನ ಹೊಸ ಮನೆಯ ಪಾಗಾರದ ಬುಡದಲ್ಲಿ ಇಟ್ಟ ಎರಡು ದೊಡ್ಡ ಪೈಪುಗಳಿಂದ ಕೆಂಪು ನೀರು ಹಾರಿ ಬಂದು ನೇರ ನನ್ನ ಅಡಿಕೆ ತೋಟಕ್ಕೆ ಬೀಳ್ತಾ ಇತ್ತು. ಬೆಳಿಗ್ಗೆ ಲೆಕ್ಕ ಮಾಡಿದೆ. ಮೂರು ವರ್ಷ ಸಾಕಿದ 42 ಸಸಿ ಮಣ್ಣಿನ ಅಡಿಗೆ ಹೋಗಿತ್ತು. ತೋಟದ ನಡುವಿನ ಕಣಿ ಎಲ್ಲಿತ್ತು ಅಂತ ಗೊತ್ತಾಗದ ಹಾಗೆ ತುಂಬಿತ್ತು.

ದೂರು ಹಿಡಿದುಕೊಂಡು ಹೊರಟೆ. ಒಂದು ಆಫೀಸಿನಲ್ಲಿ, "ಪ್ಲಾನ್ ಸರಿ ಉಂಟು, ಬದಿಗೆ ಬಿಡಬೇಕಾದಷ್ಟು ಜಾಗ ಬಿಟ್ಟಿದ್ದಾರೆ, ನಾವು ಎಂತ ಮಾಡುವುದು" ಅಂದರು. ಎರಡನೇ ಆಫೀಸಿನಲ್ಲಿ, "ಅದು ಗದ್ದೆ ಅಲ್ಲ, ಗುಡ್ಡೆ ಜಾಗ, ನಮಗೆ ಬರುವುದಿಲ್ಲ" ಅಂದರು. ಮೂರನೇ ಕಡೆ, "ಗಡಿ ತಕರಾರಾದರೆ ಸರ್ವೆಗೆ ಅರ್ಜಿ ಕೊಡಿ" ಅಂದರು. ಗಡಿಯಲ್ಲಿ ತಕರಾರು ಇಲ್ಲ ಸ್ವಾಮಿ, ನೀರಿನದ್ದು ತಕರಾರು ಅಂದೆ. ನಾಲ್ಕನೇ ಕಡೆ, "ಇದು ಸಿವಿಲ್ ಕೇಸು, ಕೋರ್ಟಿಗೆ ಹೋಗಿ" ಅಂತ ಹೇಳಿ ಚಾ ಕುಡಿಸಿ ಕಳಿಸಿದರು. ಯಾರೂ ಕೆಟ್ಟವರಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಆದರೆ ನಾಲ್ಕು ಆಫೀಸು ಸುತ್ತಿ ಬಂದರೂ ನೀರಿಗೆ ಯಜಮಾನ ಯಾರು ಅಂತ ನನಗೆ ಗೊತ್ತಾಗಲಿಲ್ಲ.

ಮೇಲಿನ ಮನೆಯವನ ಮೇಲೆ ನನಗೆ ಕೋಪ ಇಲ್ಲ. ನಾನು ಎತ್ತಿ ಆಡಿಸಿದ ಹುಡುಗ. ಗಲ್ಫಿನಲ್ಲಿ ಹದಿನೈದು ವರ್ಷ ಬಿಸಿಲಲ್ಲಿ ದುಡಿದು ಮನೆ ಕಟ್ಟಿದ್ದಾನೆ. ರಜೆಗೆ ಬಂದಾಗ ನಾನು ಹೋಗಿ ಹೇಳಿದೆ. ಅವನು ಪೆಚ್ಚು ಮುಖ ಮಾಡಿಕೊಂಡು, "ಮಾವ, ನಾನು ಅಲ್ಲಿದ್ದೆ. ಇಂಜಿನಿಯರು ಹೇಳಿದ ಹಾಗೆ ಮಾಡಿಸಿದ್ದು. ಪರ್ಮಿಟ್ ಉಂಟಲ್ಲ" ಅಂದ. ಪರ್ಮಿಟಿನ ಕಾಗದ ತಂದು ತೋರಿಸಿದ. ನೋಡಿದೆ. ಎಲ್ಲ ಉಂಟು. ಕೋಣೆ ಉಂಟು, ಕಿಟಿಕಿ ಉಂಟು, ಕಕ್ಕಸಿನ ಗುಂಡಿ ಉಂಟು, ಕಾರು ನಿಲ್ಲಿಸುವ ಜಾಗ ಉಂಟು. ಹನ್ನೆರಡು ಅಡಿ ಗುಡ್ಡೆ ಕಡಿದು ಸಮತಟ್ಟು ಮಾಡಿದ್ದು ಆ ಚಿತ್ರದಲ್ಲಿ ಕಾಣುವುದಿಲ್ಲ. ಆ ಜಾಗಕ್ಕೆ ಮೇಲಿನಿಂದ ಬರುವ ನೀರು ಎಲ್ಲಿಂದ ಬರ್ತದೆ, ಕೆಳಗೆ ಯಾರ ಮೇಲೆ ಬೀಳ್ತದೆ ಅಂತ ಒಂದು ಗೆರೆ ಕೂಡ ಇಲ್ಲ. ನಾನು ಈ ಲೇಖನ ಬರೆಯುವುದು ಆ ಒಂದು ಗೆರೆಗಾಗಿ.

ನಾನು ಏಳನೇ ಕ್ಲಾಸು ಕಲಿತವನು. ಮಂಜೇಶ್ವರ ತಾಲೂಕಿನ ಮೂಡು ಭಾಗದ ಬೇಸಾಯದವನು. ನನ್ನನ್ನು ನಿಮಗೆಲ್ಲ ಗೊತ್ತಿರುವುದು ಹಾಡಿನಿಂದ. ನಾಟಿಯ ಹಾಡು, ಪಾಡ್ದನ ಎಲ್ಲ ಅಮ್ಮನ ಬಾಯಿಂದ, ಗದ್ದೆಯ ಕೆಸರಿನಲ್ಲಿ ನಿಂತು ಕಲಿತದ್ದು. ಈಗ ಶಾಲೆಯವರು ಮಕ್ಕಳಿಗೆ ಕಲಿಸ್ಲಿಕ್ಕೆ ಕರೀತಾರೆ, ಹೋಗಿ ಕಲಿಸ್ತೇನೆ. ಮಕ್ಕಳು ಸ್ಟೇಜಿನ ಮೇಲೆ ಸಾಲು ನಿಂತು, ನೇಜಿ ನೆಡುವ ಹಾಗೆ ಬಗ್ಗಿ ಹಾಡ್ತಾರೆ, ಪ್ರೈಜು ತರ್ತಾರೆ. ಆ ಹಾಡು ಹುಟ್ಟಿದ ಬೈಲು ಈಗ ಅರ್ಧ ಮಣ್ಣು ತುಂಬಿಸಿದ ಸೈಟು, ಅರ್ಧ ನೀರು ನಿಂತು ಹುಲ್ಲು ಬೆಳೆದ ಕೆಸರು. ಇದಕ್ಕೆ ಸರಕಾರವನ್ನು ಬಯ್ಯುವ ಮೊದಲು ನನ್ನ ಪಾಲು ಹೇಳಿಬಿಡ್ತೇನೆ.

ಇಪ್ಪತ್ತು ವರ್ಷದ ಹಿಂದೆ ಮಗಳ ಮದುವೆಯ ಸಾಲ ಇತ್ತು. ಟಿಪ್ಪರಿನವನೊಬ್ಬ ಬಂದು, "ನಿಮ್ಮ ಬರೆಯ ಮಣ್ಣು ಕೊಡಿ, ಲೋಡಿನ ಲೆಕ್ಕದಲ್ಲಿ ಹಣ ಕೊಡ್ತೇನೆ, ನಿಮಗೆ ಜಾಗವೂ ಸಮ ಆಗ್ತದೆ" ಅಂದ. ಕೊಟ್ಟೆ. ಒಂದು ವಾರದಲ್ಲಿ ಜೆಸಿಬಿ ಬಂದು ಗುಡ್ಡೆಯ ಕಾಲು ಕಡಿದುಕೊಂಡು ಹೋಯಿತು. ಆ ಮಣ್ಣು ರಸ್ತೆ ಬದಿಯ ಗದ್ದೆಗೆ ಬಿತ್ತು ಅಂತ ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಕೂತೆ. ನಾಲ್ಕನೇ ಮಳೆಗಾಲಕ್ಕೆ ಬರೆ ಜರಿದು ನನ್ನ ತೋಟದ ಮೇಲೆಯೇ ಕೂತಿತು. ಮೇಲೆ ಕಾಣುವುದು ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಇರುವುದು ಶೇಡಿ ಮಣ್ಣು. ಬೇಸಗೆಯಲ್ಲಿ ಅದು ಗೋಡೆಯ ಹಾಗೆ ನಿಲ್ತದೆ, ನೀರು ಕುಡಿದರೆ ಬೆಣ್ಣೆಯ ಹಾಗೆ ಜಾರ್ತದೆ. ನನ್ನ ಅಪ್ಪನಿಗೆ ಗೊತ್ತಿದ್ದ ವಿಷಯ ಇದು. ನನಗೂ ಗೊತ್ತಿತ್ತು. ಹಣ ಕಂಡಾಗ ಮರೆತುಹೋಯಿತು. ಹಾಗಾಗಿ ಇಲ್ಲಿ ಬಯ್ಯುವವನೂ ನಾನೇ, ಬಯ್ಯಿಸಿಕೊಳ್ಳುವವನೂ ನಾನೇ.

ಈಗ ಕಾನೂನಿನ ವಿಷಯಕ್ಕೆ ಬರ್ತೇನೆ. ಪುಸ್ತಕ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಇರ್ತದೆ. ನನಗೆ ಓದ್ಲಿಕ್ಕೆ ಬರುವುದು ಕನ್ನಡ ಮಾತ್ರ. ನಮ್ಮ ವಾಚನಾಲಯಕ್ಕೆ ಬರುವ ಮಾಷ್ಟ್ರೊಬ್ಬರು ಮೂರು ಸಂಜೆ ಕೂತು ಓದಿ ಅರ್ಥ ಹೇಳಿದರು. ಅವರಿಂದ ತಿಳಿದದ್ದನ್ನು ಹೇಳ್ತೇನೆ.

ಗದ್ದೆಗೆ ಒಂದು ಕಾನೂನು ಉಂಟು, 2008ರದ್ದು. ಗದ್ದೆ ತುಂಬಿಸ್ಲಿಕ್ಕೆ ಇಲ್ಲ. ಮನೆಗೆ ಬೇರೆ ಜಾಗವೇ ಇಲ್ಲದವನಿಗೆ ಪಂಚಾಯತಿನಲ್ಲಿ 10 ಸೆಂಟ್ಸು, ಮುನಿಸಿಪಾಲಿಟಿಯಲ್ಲಿ 5 ಸೆಂಟ್ಸು ಮಾತ್ರ ಬಿಡ್ತಾರೆ. ಅದಕ್ಕೂ ಒಂದು ಸಮಿತಿ ನೋಡಬೇಕು. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರು, ಅವರ ಜೊತೆ ಮೂರು ಜನ ಭತ್ತ ಬೆಳೆಯುವವರು. ಬದಿಯ ಗದ್ದೆಯ ಬೇಸಾಯಕ್ಕೆ ತೊಂದರೆ ಆಗಬಾರದು ಅಂತಲೂ ಉಂಟು. ಒಳ್ಳೆಯ ಕಾನೂನು. ಆದರೆ ಇದು ಬೈಲಿಗೆ ಇರುವ ಕಾನೂನು. ಗುಡ್ಡೆಯಲ್ಲಿ ಮನೆ ಕಟ್ಟುವವನ ಹತ್ತಿರ, ನಿನ್ನ ಕೆಳಗಿನವನಿಗೆ ತೊಂದರೆ ಆಗ್ತದಾ ಅಂತ ಹೀಗೆ ಕೂತು ಕೇಳುವ ಸಮಿತಿ ಇಲ್ಲ. ಟಿಪ್ಪರಿನಲ್ಲಿ ಒಂದು ಲೋಡು ಮಣ್ಣು ತಂದು ಗದ್ದೆಗೆ ಹಾಕಿದರೆ ಕೇಸು. ಅದೇ ಮಣ್ಣನ್ನು ಗುಡ್ಡೆಯಲ್ಲಿ ಸಡಿಲ ಮಾಡಿ ಬಿಟ್ಟು, ಮಳೆ ಅದನ್ನು ಹೊತ್ತುಕೊಂಡು ಬಂದು ಗದ್ದೆ ತುಂಬಿಸಿದರೆ ಯಾರ ಮೇಲೆ ಕೇಸು? ಇಂದ್ರನ ಮೇಲೆಯಾ?

ಕಟ್ಟಡದ ನಿಯಮದಲ್ಲಿ ಏನೂ ಇಲ್ಲ ಅಂತ ಅಲ್ಲ. ಒಂದೂವರೆ ಮೀಟರಿಗಿಂತ ಆಳ ಅಗೆಯುವುದಾದರೆ ಬದಿಯ ಜಾಗ ಜರಿಯದ ಹಾಗೆ ರಕ್ಷಣೆ ಮಾಡಬೇಕು. ಕುಡಿಯುವ ನೀರಿನ ಬಾವಿಯಿಂದ ಕಕ್ಕಸಿನ ಗುಂಡಿ ಏಳೂವರೆ ಮೀಟರು ದೂರ ಇರಬೇಕು. ಮಣ್ಣು ಜಾಗದಿಂದ ಹೊರಗೆ ಸಾಗಿಸ್ಲಿಕ್ಕೆ ಪಾಸು ಬೇಕು. ಇದೆಲ್ಲ ಉಂಟು. ಆದರೆ ಅಳತೆ ಕಾಗದದ ಮೇಲೆ ನಡೀತದೆ. ಕಾಗದ ಸಮತಟ್ಟು, ನಮ್ಮ ಊರು ಸಮತಟ್ಟು ಅಲ್ಲ. ಕಾಗದದಲ್ಲಿ ಗುಂಡಿಗೂ ಬಾವಿಗೂ ಏಳೂವರೆ ಮೀಟರು ಸರಿ ಇರ್ತದೆ. ಜಾಗದಲ್ಲಿ ನೋಡಿದರೆ ಗುಂಡಿ ಇರುವುದು ಬಾವಿಯ ನೆತ್ತಿಯ ಮೇಲೆ. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಎಷ್ಟು ಬೇಗ ಇಳೀತದೆ ಅಂತ ಸುರಂಗ ತೋಡಿದವರನ್ನು ಕೇಳಿ. ಈಗಂತೂ 300 ಚದರ ಮೀಟರಿನ ಒಳಗಿನ ಮನೆಯಾದರೆ ಮನೆಯವರೂ ಇಂಜಿನಿಯರೂ "ಎಲ್ಲ ನಿಯಮದ ಪ್ರಕಾರ ಉಂಟು" ಅಂತ ತಾವೇ ಬರೆದುಕೊಟ್ಟರೆ ಪರ್ಮಿಟ್ ಕೈಗೆ ಬರ್ತದೆ. ಬೇಗ ಆಗ್ತದೆ, ಲಂಚ ಇಲ್ಲ, ಬಡವ ಹತ್ತು ಸಲ ಅಲೆಯಬೇಕಾಗಿಲ್ಲ. ಅದಕ್ಕೆ ನನ್ನ ವಿರೋಧ ಇಲ್ಲ. ಆದರೆ ಬರೆದುಕೊಡುವ ಆ ಮಾತಿನಲ್ಲಿ ನೀರಿನ ಸುದ್ದಿ ಯಾಕೆ ಇರಬಾರದು?

ನೀರು ಅಂದರೆ ಎಷ್ಟು ನೀರು ಅಂತ ಮಾಷ್ಟ್ರು ಬೋರ್ಡಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ನಾನು ಅದನ್ನು ಬರೆದು ಇಟ್ಟುಕೊಂಡಿದ್ದೇನೆ. 10 ಸೆಂಟ್ಸು ಅಂದರೆ ಸುಮಾರು 400 ಚದರ ಮೀಟರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ. ಗುಣಿಸಿದರೆ 14 ಲಕ್ಷ ಲೀಟರು! ಒಂದು ಸಣ್ಣ ಹಿತ್ತಿಲ ಮೇಲೆ. ಜೋರು ಮಳೆಯ ದಿನ 100 ಮಿಲಿಮೀಟರು ಬಂದರೆ ಒಂದೇ ದಿನಕ್ಕೆ 40 ಸಾವಿರ ಲೀಟರು. ಮೊದಲು ಆ ಜಾಗದಲ್ಲಿ ಮುಳಿಹುಲ್ಲು ಇತ್ತು, ಗೇರುಮರ ಇತ್ತು, ಸೊಪ್ಪು ಬಿದ್ದ ಮಣ್ಣು ಇತ್ತು. ಸ್ವಲ್ಪ ಇಂಗಿ, ಸ್ವಲ್ಪ ನಿಂತು, ಉಳಿದದ್ದು ನಿಧಾನಕ್ಕೆ ಹತ್ತು ಕಡೆಯಿಂದ ಕೆಳಗೆ ಇಳೀತಿತ್ತು. ಈಗ ಮಾಡಿನ ನೀರು ಪೈಪಿನಲ್ಲಿ, ಅಂಗಳಕ್ಕೆ ಇಂಟರ್‌ಲಾಕ್, ಸುತ್ತ ಪಾಗಾರ. ಹತ್ತು ಕಡೆಯಿಂದ ಬರ್ತಿದ್ದ ನೀರು ಎರಡು ತೂತಿನಿಂದ ಬರ್ತದೆ. ಅದು ಮೊದಲಿನ ನೀರಲ್ಲ, ಹಾರೆಯ ಹಾಗೆ ಅಗೆಯುವ ನೀರು.

"ನೀರು ಮೇಲಿಂದ ಕೆಳಗೆ ಬರುವುದಲ್ಲವಾ ಮಾರಾಯ್ರೆ, ಕೆಳಗಿನವ ತಡೆದುಕೊಳ್ಳಬೇಕು" ಅಂತ ಕೆಲವರು ಹೇಳ್ತಾರೆ. ಅವರ ಮಾತಿನಲ್ಲಿ ಅರ್ಧ ನ್ಯಾಯ ಉಂಟು. ವಕೀಲರೊಬ್ಬರನ್ನು ಕೇಳಿದೆ. 1882ನೇ ಇಸವಿಯ ಈಸ್‌ಮೆಂಟ್ ಕಾಯಿದೆಯಲ್ಲಿಯೇ ಉಂಟಂತೆ, ಮೇಲಿನ ಜಾಗದಲ್ಲಿ ಬಿದ್ದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವನು ಬಿಡಬೇಕು. ಸಹಜವಾಗಿ, ಆ ಶಬ್ದವನ್ನು ಹಿಡಿದುಕೊಳ್ಳಿ. ಗುಡ್ಡೆ ಕಡಿದು, ಪಾಗಾರ ಕಟ್ಟಿ, ಪೈಪು ಇಟ್ಟು ಬಿಟ್ಟ ನೀರು ಸಹಜವಾ? ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಉಂಟು. ಒಬ್ಬನ ಜಾಗಕ್ಕೆ ಪಕ್ಕದ ಜಾಗದ ಮಣ್ಣು ಕೊಡುವ ಆಧಾರ ಅವನ ಹಕ್ಕು. ಗಡಿಯ ತನಕ ಗುಡ್ಡೆ ಕಡಿದು ಮೇಲಿನವನ ಜಾಗವನ್ನು ಅಂತರದಲ್ಲಿ ನಿಲ್ಲಿಸ್ಲಿಕ್ಕೆ ಯಾರಿಗೂ ಅಧಿಕಾರ ಇಲ್ಲ. ಬ್ರಿಟಿಷರ ಕಾಲದವರಿಗೆ ಹೊಳೆದದ್ದು ನಮ್ಮ ಪರ್ಮಿಟಿನ ಫಾರ್ಮಿಗೆ ಇನ್ನೂ ಹೊಳೆಯಲಿಲ್ಲ.

"ನನ್ನ ಜಾಗ, ನನ್ನ ಹಣ, ನನ್ನ ಇಷ್ಟ" ಅನ್ನುವವರೂ ಇದ್ದಾರೆ. ಜಾಗ ನಿನ್ನದು ಸರಿ. ಅದರ ಮೇಲೆ ಹರಿಯುವ ತೋಡು ನಿನ್ನದಾ? 1994ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ತೋಡು, ಕೆರೆ, ನೀರಿನ ಸಾರ್ವಜನಿಕ ದಾರಿ ಎಲ್ಲ ಪಂಚಾಯತಿಗೆ ಸೇರಿದ್ದು. ಅಂದರೆ ನಮಗೆಲ್ಲರಿಗೂ. ನಾನು ಸಣ್ಣವನಿರುವಾಗ ನಮ್ಮ ತೋಡಿನಲ್ಲಿ ಎಮ್ಮೆ ಅಡ್ಡ ಮಲಗಬಹುದಿತ್ತು. ಈಗ ಅದರ ಮೇಲೆ ಎರಡು ಮನೆಯವರು ದಾರಿಗೆಂದು ಮೋರಿ ಇಟ್ಟಿದ್ದಾರೆ. ಆ ಮೋರಿಯಲ್ಲಿ ಆಡು ಕೂಡ ನುಗ್ಗುವುದಿಲ್ಲ. ಮಳೆಗಾಲದಲ್ಲಿ ಅಲ್ಲಿ ಕಸ ಕಟ್ಟಿ ನೀರು ರಸ್ತೆ ಹಿಡೀತದೆ, ರಸ್ತೆಯಿಂದ ಶಾಲೆಯ ಅಂಗಳಕ್ಕೆ ಹೋಗ್ತದೆ.

"ಬಡವರ ಹೊಟ್ಟೆಗೆ ಹೊಡೀಬೇಡಿ" ಅನ್ನುವ ಮಾತು ಮಾತ್ರ ನನ್ನನ್ನು ನಿಲ್ಲಿಸ್ತದೆ. ಐದು ಸೆಂಟ್ಸು ಇದ್ದವನು, ಪಂಚಾಯತಿನಿಂದ ಸಹಾಯ ಸಿಕ್ಕಿ ಮನೆ ಕಟ್ಟುವವನು, ಅವನಿಗೆ ಮತ್ತೊಂದು ಕಾಗದ ಹೊರಿಸುವುದು ಸರಿಯಾ ಅಂತ. ನಾನು ಯೋಚಿಸಿ ನೋಡಿದೆ. ನಮ್ಮ ಸುತ್ತ ಗುಡ್ಡೆ ಕಡಿದದ್ದು ಬಡವನಲ್ಲ. ಜೆಸಿಬಿಯ ಗಂಟೆಯ ಬಾಡಿಗೆ ಕೊಡ್ಲಿಕ್ಕೆ ಅವನ ಹತ್ತಿರ ಎಲ್ಲಿಂದ ಹಣ? ನನ್ನ ಅಪ್ಪ ಮನೆ ಕಟ್ಟಿದ್ದು ಇಳಿಜಾರಿನಲ್ಲಿಯೇ. ಪಂಚಾಂಗವನ್ನು ಮೆಟ್ಟಿಲು ಮೆಟ್ಟಿಲಾಗಿ ಹಾಕಿ, ಕೆಳಗಿನ ಬದಿಯನ್ನು ಎತ್ತರಿಸಿ, ಮೇಲಿನ ಬದಿಯಲ್ಲಿ ಗುಡ್ಡೆಗೂ ಮನೆಗೂ ನಡುವೆ ಅಗಳು ತೋಡಿದರು. ಗುಡ್ಡೆಯ ನೀರು ಅಗಳಿಗೆ ಬಿದ್ದು, ಬದಿಯಿಂದ ಸುತ್ತಿ ತೋಡಿಗೆ ಹೋಗ್ತಿತ್ತು. ಪತ್ತನಾಜೆ ಕಳೆದು ಆಟ, ಕೋಲ ಎಲ್ಲ ಮುಗಿದ ಮರುದಿನವೇ ಪ್ರತಿ ಮನೆಯಿಂದ ಒಬ್ಬ ಹಾರೆ ಹಿಡಿದು ಕಣಿ ಬಿಡಿಸ್ಲಿಕ್ಕೆ ಹೊರಡುವುದು. ಅದಕ್ಕೆ ಫಾರ್ಮು ಇರಲಿಲ್ಲ, ನೋಟೀಸು ಇರಲಿಲ್ಲ. ಬಾರದವನ ಮನೆಯ ಮದುವೆಗೆ ಯಾರೂ ಅಡುಗೆಗೆ ಹೋಗ್ತಿರಲಿಲ್ಲ, ಅಷ್ಟೇ ದಂಡ. ಇದರಲ್ಲಿ ಬಡವನಿಗೆ ಯಾವುದು ಭಾರ? ಭಾರ ಆಗುವುದು ಕೆಳಗೆ ಇರುವ ಬಡವನಿಗೆ. ಅವನ ಮನೆಯೇ ಯಾವಾಗಲೂ ಕೆಳಗೆ, ತೋಡಿನ ಬದಿಯಲ್ಲಿ, ಅಗ್ಗದ ಜಾಗದಲ್ಲಿ ಇರುವುದು.

ಆ ಹಳೆಯ ಕಾಲ ಪೂರ್ತಿ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆಗ ಯಾರ ಗದ್ದೆಗೆ ಮೊದಲು ನೀರು, ಯಾರ ಮಾತು ಮೇಲೆ ಅನ್ನುವುದೆಲ್ಲ ದೊಡ್ಡ ಮನೆಯವರ ಕೈಯಲ್ಲಿತ್ತು. ಈಗ ಅದು ಕಾನೂನಿನ ಕೈಗೆ ಬಂದದ್ದು ಒಳ್ಳೆಯದೇ ಆಯಿತು. ಅದಕ್ಕೇ ಕಾನೂನು ನೀರನ್ನು ನೋಡಬೇಕು ಅನ್ನುವುದು.

ಹಾಗಾದರೆ ನಾನು ಕೇಳುವುದು ಎಂತದ್ದು? ದೊಡ್ಡದೇನೂ ಅಲ್ಲ.

ಒಂದು, ಮನೆಯ ಅರ್ಜಿಯ ಚಿತ್ರದಲ್ಲಿ ನೀರಿನ ಗೆರೆ ಇರಬೇಕು. ಎಲ್ಲಿಂದ ಬರ್ತದೆ, ಜಾಗದಲ್ಲಿ ಎಲ್ಲಿ ಹಾದುಹೋಗ್ತದೆ, ಎಲ್ಲಿ ಬೀಳ್ತದೆ. ಮೇಲಿನವನೂ ಕೆಳಗಿನವನೂ ಅದನ್ನು ನೋಡಿ ಸಹಿ ಹಾಕಬೇಕು. ಹಟಕ್ಕೆ ಸಹಿ ಹಾಕದವನಿದ್ದರೆ ವಾರ್ಡು ಮೆಂಬರು ಜಾಗಕ್ಕೆ ಬಂದು ನೋಡಿ ತೀರ್ಮಾನ ಹೇಳಲಿ.

ಎರಡು, ಗುಡ್ಡೆ ಕಡಿಯುವುದಿದ್ದರೆ ಎಷ್ಟು ಅಡಿ, ತೆಗೆದ ಮಣ್ಣು ಎಲ್ಲಿಗೆ ಅಂತ ಪರ್ಮಿಟಿನಲ್ಲಿಯೇ ಬರೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಗುಡ್ಡೆಗೆ ಜೆಸಿಬಿ ಹತ್ತಬಾರದು. ಕಡಿದ ಬರೆಗೆ ಮಳೆ ಹಿಡಿಯುವ ಮೊದಲು ಗೋಡೆಯೋ ಹುಲ್ಲೋ ಆಗಿರಬೇಕು.

ಮೂರು, ಮಾಡಿನ ನೀರು ಮೊದಲು ಸ್ವಂತ ಜಾಗದ ಇಂಗುಗುಂಡಿಗೆ ಹೋಗಬೇಕು. ಉಕ್ಕಿದ್ದು ಮಾತ್ರ ತೋಡಿಗೆ, ಕಣಿಯ ಮೂಲಕ. ಆದರೆ ಕಡಿದ ಬರೆಯ ತಲೆಯ ಮೇಲೆ ಇಂಗುಗುಂಡಿ ತೋಡಬೇಡಿ, ಬರೆಯನ್ನು ನೀವೇ ಕೆಳಗೆ ದೂಡಿದ ಹಾಗೆ ಆಗ್ತದೆ. ಎಲ್ಲಿ ತೋಡಬೇಕು ಅಂತ ಜಾಗ ನೋಡಿಯೇ ಹೇಳಬೇಕು. ಅದಕ್ಕೇ ಒಬ್ಬರು ಬಂದು ನೋಡಬೇಕು ಅನ್ನುವುದು.

ನಾಲ್ಕು, ಬಂದು ನೋಡ್ಲಿಕ್ಕೆ ಓವರ್‌ಸಿಯರಿಗೆ ಪುರುಸೊತ್ತು ಇಲ್ಲ ಅಂತಾದರೆ, ಗದ್ದೆಯ ಸಮಿತಿಯಲ್ಲಿ ಬೇಸಾಯಗಾರರು ಇರುವ ಹಾಗೆ ಪ್ರತಿ ವಾರ್ಡಿಗೆ ನೀರು ಗೊತ್ತಿರುವ ಇಬ್ಬರನ್ನು ಸೇರಿಸಿಕೊಳ್ಳಲಿ. ಒಬ್ಬರು ಹೆಂಗಸು ಇರಲಿ. ಅಂಗಳಕ್ಕೆ ನುಗ್ಗಿದ ನೀರನ್ನು ಗುಡಿಸಿ ಹೊರಗೆ ಹಾಕುವವರು ಅವರೇ, ಎಲ್ಲಿಂದ ಬಂತು ಅಂತ ಅವರಿಗೇ ಸರಿಯಾಗಿ ಗೊತ್ತು.

ಐದು, ಈ ನಿಯಮವೆಲ್ಲ ಕನ್ನಡದಲ್ಲಿ ಬರೆದು ಪಂಚಾಯತಿನ ಗೋಡೆಯಲ್ಲಿ ಹಾಕಬೇಕು. 1969ರ ರಾಜ್ಯ ಭಾಷಾ ಕಾಯಿದೆ ನಮ್ಮ ಕಡೆಯ ಆಫೀಸುಗಳ ಹತ್ತಿರ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಓದ್ಲಿಕ್ಕೆ ಆಗದ ನಿಯಮವನ್ನು ಪಾಲಿಸು ಅಂದರೆ ಹೇಗೆ? ಸಹಿ ಹಾಕುವ ಫಾರ್ಮಿನಲ್ಲಿ ಏನುಂಟು ಅಂತ ತಿಳಿಯದೆ ಸಹಿ ಹಾಕಿದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ, ಎದೆ ಮುಟ್ಟಿ ಹೇಳಿ.

ಶಾಲೆಯ ಮಾಷ್ಟ್ರುಗಳ ಹತ್ತಿರ, ಟೀಚರುಗಳ ಹತ್ತಿರ ನನ್ನದೊಂದು ಬೇಡಿಕೆ. ಮಕ್ಕಳನ್ನು ಆಟಿಯಲ್ಲಿ ಒಂದು ದಿನ, ಮಳೆ ಸ್ವಲ್ಪ ಬಿಟ್ಟಾಗ, ಕೊಡೆ ಹಿಡಿಸಿ ಹೊರಗೆ ಕರೆದುಕೊಂಡು ಬನ್ನಿ. ತೋಡು ಎಲ್ಲಿ, ಕಣಿ ಎಲ್ಲಿ, ಪಳ್ಳ ಎಲ್ಲಿ, ಎಲ್ಲಿ ಮೋರಿ ಕಟ್ಟಿದೆ ಅಂತ ಒಂದು ನಕ್ಷೆ ಮಾಡಿಸಿ. ನಾನು ಜೊತೆಗೆ ಬರ್ತೇನೆ, ಹೆಸರು ಹೇಳ್ತೇನೆ. ನಮ್ಮ ಪ್ರತಿ ಕಣಿಗೂ ಕಟ್ಟಕ್ಕೂ ಒಂದು ಹೆಸರು ಇತ್ತು. ಆ ಹೆಸರು ಗೊತ್ತಿರುವವರು ನಮ್ಮ ವಾರ್ಡಿನಲ್ಲಿ ಈಗ ನಾಲ್ಕೈದು ಜನ. ನಕ್ಷೆಯನ್ನು ಈ ವಾಚನಾಲಯದ ಗೋಡೆಗೆ ಹಾಕುವ. ಮನೆ ಕಟ್ಟುವವನು ಮೊದಲು ಅದನ್ನು ನೋಡಿ ಹೋಗಲಿ.

ನನ್ನ ತೋಟದ ಮಣ್ಣನ್ನು ನಾನೂ ಮೇಲಿನ ಮನೆಯ ಹುಡುಗನೂ ಸೇರಿ ಅವನ ರಜೆ ಮುಗಿಯುವ ಮೊದಲು ತೆಗೆದೆವು. ಅವನ ಪಾಗಾರದ ಒಳಗೆ ಗಟ್ಟಿ ನೆಲ ನೋಡಿ ಒಂದು ಗುಂಡಿ ತೋಡಿಸಿದ, ನಾನು ನನ್ನ ಕಡೆಯಿಂದ ತೋಡಿನ ತನಕ ಕಣಿ ಬಿಡಿಸಿದೆ. ಪೈಪು ಈಗ ಅದಕ್ಕೆ ಬೀಳ್ತದೆ. ಇಬ್ಬರು ಮಾತಾಡಿದ್ದರಿಂದ ಆಯಿತು. ಆದರೆ ಮೇಲೆ ಕೆಳಗೆ ಇರುವವರು ಮಾತು ಬಿಟ್ಟಿರುವ ಮನೆಗಳು ನಮ್ಮ ಊರಲ್ಲಿ ಎಷ್ಟು ಇಲ್ಲ? ಅಲ್ಲಿ ನಿಯಮವೇ ಮಾತಾಡಬೇಕು.

ಗ್ರಾಮಸಭೆ ಮೂರು ತಿಂಗಳಿಗೆ ಒಂದು ಸಲ ಸೇರಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಇರಬೇಕು ಅಂತ ನಿಯಮ. ನಾವು ಸಬ್ಸಿಡಿಯ ಪಟ್ಟಿ ಇದ್ದ ದಿನ ಮಾತ್ರ ಹೋಗ್ತೇವೆ. ನನ್ನನ್ನು ಪ್ರತಿ ಸಲ ಪ್ರಾರ್ಥನೆ ಹಾಡ್ಲಿಕ್ಕೆ ಕರೀತಾರೆ. ಹಾಡಿ, ಚಾ ಕುಡಿದು, ಮನೆಗೆ ಬರ್ತಿದ್ದೆ. ಬರುವ ಗ್ರಾಮಸಭೆಗೆ ಪ್ರಾರ್ಥನೆ ಬೇರೆ ಯಾರಾದರೂ ಹಾಡಲಿ. ನಾನು ಮೇಲೆ ಹೇಳಿದ ಐದು ಮಾತನ್ನು ಕನ್ನಡದಲ್ಲಿ ಅರ್ಜಿ ಬರೆದು ತರ್ತೇನೆ. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದೇನೆ. ಅರ್ಜಿ ಈ ವಾಚನಾಲಯದ ಮೇಜಿನ ಮೇಲೆ ಉಂಟು, ಪೆನ್ನೂ ಉಂಟು.